ಮರೆತದ್ದು ಆಮೇಲೆ: ಹಳೆಯ ಲೇಖಕಿಯರ ಬಗ್ಗೆ ಕಾದಂಬರಿ ಬರೆಯುವ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ಮೇಡಂ, ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. 1910ರಿಂದ 1940ರ ನಡುವೆ ಬರೆದು ಈಗ ಹೆಚ್ಚು ಜನಕ್ಕೆ ನೆನಪಿಲ್ಲದ ನಮ್ಮ ಲೇಖಕಿಯರ ಬಗ್ಗೆ ಒಂದು ಐತಿಹಾಸಿಕ ಕಾದಂಬರಿ ಬರೆಯಬೇಕು ಅಂತ ಆಸೆ. ಮೂರು ವರ್ಷದಿಂದ ಓದುತ್ತಿದ್ದೇನೆ, ಹನ್ನೊಂದು ನೋಟ್‌ಬುಕ್ ತುಂಬಿದೆ. ಅಧ್ಯಾಯ ಮಾತ್ರ ಒಂದೂ ಮುಗಿದಿಲ್ಲ. ನಿಜವಾದ ಹೆಸರು ಇಟ್ಟೇ ಬರೆಯಬಹುದಾ? ದಾಖಲೆ ಸಿಗದ ಕಡೆ ಏನು ಮಾಡಲಿ? ಬರೆದದ್ದನ್ನು ತಿದ್ದುವುದು ಹೇಗೆ? ಮೊದಲ ಪ್ಯಾರಾ, ಲೇಖಕಿಯರ ಪಟ್ಟಿ, ನಾಯಕಿಯ ಬಗ್ಗೆ ಮಾಡಿಕೊಂಡ ಟಿಪ್ಪಣಿ ಜೊತೆಗಿಟ್ಟಿದ್ದೇನೆ, ದಯವಿಟ್ಟು ನೋಡಿ.

ಉತ್ತರ: ನಿಮ್ಮ ಪ್ಯಾರಾ ನೋಡಿದೆ. ಅದು ಹೀಗೆ ಶುರುವಾಗುತ್ತದೆ: "ಆ ಕಾಲದಲ್ಲಿ ಹೆಣ್ಣು ಬರೆಯುವುದೆಂದರೆ ಮಹಾಪರಾಧವಾಗಿತ್ತು. ಸಮಾಜ ಅವಳನ್ನು ಗುರುತಿಸಲೇ ಇಲ್ಲ." ನಿಮ್ಮ ಅಧ್ಯಾಯ ಮುಂದೆ ಹೋಗದಿರುವುದಕ್ಕೆ ಕಾರಣ ಈ ಎರಡನೇ ವಾಕ್ಯದಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಅಲ್ಲಿಂದಲೇ ಹಿಡಿಯೋಣ.

ನಿಜವಾಗಿ ಗುರುತಿಸಲೇ ಇಲ್ಲವಾ? ನಂಜನಗೂಡು ತಿರುಮಲಾಂಬ ಅವರನ್ನೇ ತಗೊಳ್ಳಿ. 1887ರಲ್ಲಿ ಹುಟ್ಟಿದವರು. ಇನ್ನೂ ಹುಡುಗಿಯಾಗಿದ್ದಾಗಲೇ ಗಂಡನನ್ನು ಕಳೆದುಕೊಂಡವರು. 1913ರಲ್ಲಿ 'ಸುಶೀಲೆ' ಕಾದಂಬರಿ ತಂದರು. 'ಸತಿ ಹಿತೈಷಿಣಿ' ಅಂತ ಸ್ವಂತ ಗ್ರಂಥಮಾಲೆ ಕಟ್ಟಿದರು, 'ಕರ್ನಾಟಕ ನಂದಿನಿ' ಅಂತ ಪತ್ರಿಕೆ ನಡೆಸಿದರು. ಯಾರೂ ಓದದೆ ಇದ್ದಿದ್ದರೆ ಗ್ರಂಥಮಾಲೆ ಎರಡನೇ ಪುಸ್ತಕಕ್ಕೇ ನಿಲ್ಲುತ್ತಿತ್ತು. ಆರ್. ಕಲ್ಯಾಣಮ್ಮ 1921ರಲ್ಲಿ 'ಸರಸ್ವತಿ' ಪತ್ರಿಕೆ ಶುರು ಮಾಡಿ ನಾಲ್ಕು ದಶಕ ನಡೆಸಿದರು. ತಿಂಗಳು ತಿಂಗಳು ಚಂದಾ ವಸೂಲಿ, ಕಾಗದ, ಅಚ್ಚು, ಅಂಚೆ. ಇದೆಲ್ಲ ಯಾರ ಕಣ್ಣಿಗೂ ಬೀಳದೆ ಆಗುವ ಕೆಲಸವೇ? ಕೊಡಗಿನ ಗೌರಮ್ಮ 27 ವರ್ಷ ಬದುಕಿದರು ಅಷ್ಟೆ. ಆದರೆ ಅವರ ಕಥೆ ಓದಿ ಮೆಚ್ಚಿದವರಲ್ಲಿ ಆ ಕಾಲದ ದೊಡ್ಡ ಸಾಹಿತಿಗಳೂ ಇದ್ದರು.

ಅಂದರೆ, ಇವರನ್ನು ಅವರ ಕಾಲ ಪೂರ್ತಿ ಮರೆತಿರಲಿಲ್ಲ. ಮರೆತದ್ದು ಆಮೇಲೆ. ಪಠ್ಯಪುಸ್ತಕ ಮಾಡಿದವರು, ಸಾಹಿತ್ಯ ಚರಿತ್ರೆ ಬರೆದವರು, ಮರುಮುದ್ರಣ ಬೇಡ ಅಂದವರು, ಮನೆ ಖಾಲಿ ಮಾಡುವಾಗ ಹಳೇ ಪೇಪರು ತೂಕಕ್ಕೆ ಹಾಕಿದವರು, ಎಲ್ಲ ಸೇರಿ ನಿಧಾನವಾಗಿ ಮರೆತರು. ಬದುಕಿದ್ದಾಗ ಅವರಿಗಿದ್ದ ಕಷ್ಟ ಬೇರೆ, ಸತ್ತ ಮೇಲೆ ಆದ ಅನ್ಯಾಯ ಬೇರೆ. ನೀವು ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದ್ದೀರಿ. ಅದಕ್ಕೇ ನಿಮ್ಮ ನಾಯಕಿ ಮೊದಲ ಪುಟದಲ್ಲೇ ತನ್ನ ಸ್ಮಾರಕದ ಮುಂದೆ ನಿಂತ ಹಾಗಿದ್ದಾಳೆ. ಅವಳಿಗೆ ತಾನು ಮರೆಯಾಗುತ್ತೇನೆ ಅಂತ ಗೊತ್ತಿಲ್ಲ, ಅಲ್ವಾ? ಅವಳಿಗೆ ಗೊತ್ತಿರುವುದು ನಾಳೆ ಬೆಳಿಗ್ಗೆ ಪ್ರೂಫ್ ಕಳಿಸಬೇಕು, ಮನೆಯಲ್ಲಿ ಸೀಮೆಎಣ್ಣೆ ಇಲ್ಲ ಅನ್ನುವುದು.

ಈ ಒಂದು ವ್ಯತ್ಯಾಸ ಹಿಡಿದರೆ ನಿಮ್ಮ ಹುಡುಕಾಟದ ದಾರಿಯೂ ಬದಲಾಗುತ್ತದೆ. ಈಗ ನಿಮ್ಮ ನೋಟ್‌ಬುಕ್‌ಗಳಲ್ಲಿ ಹೆಚ್ಚಾಗಿ ಅವರ ಬಗ್ಗೆ ಬೇರೆಯವರು ಬರೆದ ಲೇಖನಗಳ ಟಿಪ್ಪಣಿ ಇರಬೇಕು. ಅದು ಬೇಕು, ಆದರೆ ಕಾದಂಬರಿಗೆ ಅದರಿಂದ ಸಿಗುವುದು ಕಡಿಮೆ. 'ಸ್ತ್ರೀ ಸಂವೇದನೆಯ ಪ್ರಥಮ ದನಿ' ಅನ್ನುವ ವಾಕ್ಯದಿಂದ ಒಂದು ದೃಶ್ಯವೂ ಹುಟ್ಟುವುದಿಲ್ಲ. ಹಳೆಯ ಪುಸ್ತಕವನ್ನೇ ಕೈಗೆ ತಗೊಳ್ಳಿ, ಕಥೆ ಶುರುವಾಗುವ ಮೊದಲಿನ ಹಾಳೆಗಳನ್ನು ಓದಿ. ಯಾವ ಪ್ರೆಸ್ಸು, ಯಾವ ಊರು? ಬೆಲೆ ಎಷ್ಟು, ಅಂಚೆ ವೆಚ್ಚ ಬೇರೆಯಾ? ಹಕ್ಕು ಗ್ರಂಥಕರ್ತ್ರಿಯದಾ, ಪ್ರಕಾಶಕರದಾ? 'ಅರಿಕೆ' ಅಥವಾ 'ಬಿನ್ನಹ' ಅಂತ ಲೇಖಕಿಯೇ ಬರೆದದ್ದು ಇದೆಯಾ? ಅದರಲ್ಲಿ ಯಾರಿಗೆ ಕೃತಜ್ಞತೆ ಹೇಳಿದ್ದಾರೆ? ಅಪ್ಪನಿಗಾ, ಅಣ್ಣನಿಗಾ, ದುಡ್ಡು ಕೊಟ್ಟ ಮಹನೀಯರಿಗಾ? ಕೊನೆಯ ಹಾಳೆಯಲ್ಲಿ 'ತಪ್ಪು ಒಪ್ಪು' ಪಟ್ಟಿ ಇದ್ದರೆ ಅದನ್ನೂ ಬಿಡಬೇಡಿ. ಪ್ರೂಫ್ ನೋಡಲು ಅವರಿಗೆ ಎಷ್ಟು ಹೊತ್ತು ಸಿಕ್ಕಿತ್ತು ಅಂತ ಆ ಪಟ್ಟಿ ಹೇಳುತ್ತದೆ.

ಆಮೇಲೆ ಪತ್ರಿಕೆಗಳು. ಕಥೆ ಇರುವ ಪುಟ ಮಾತ್ರ ಫೋಟೋ ತೆಗೆದುಕೊಂಡು ಬರುವವರು ಜಾಸ್ತಿ. ನಾನೂ ಹಾಗೇ ಮಾಡಿ ಎರಡನೇ ಸಲ ಹೋಗಬೇಕಾಯಿತು. 'ಸಾದರ ಸ್ವೀಕಾರ' ಅಂತ ಹಾಕುವ, ಬಂದ ಪುಸ್ತಕಗಳ ಪಟ್ಟಿ ನೋಡಿ, ಜಾಹೀರಾತು ನೋಡಿ, ಚಂದಾ ಬಾಕಿಯವರಿಗೆ ಸಂಪಾದಕರು ಹಾಕಿದ ಕೋರಿಕೆ ನೋಡಿ. ಆ ಕೋರಿಕೆಯ ದನಿ ತಿಂಗಳು ತಿಂಗಳಿಗೆ ಹೇಗೆ ಬದಲಾಗುತ್ತದೆ ಅಂತ ಗಮನಿಸಿ. ಮೊದಲು ವಿನಯ, ಆಮೇಲೆ ನೆನಪು ಮಾಡುವುದು, ಆಮೇಲೆ 'ಮುಂದಿನ ಸಂಚಿಕೆ ವಿ.ಪಿ. ಮೂಲಕ ಕಳಿಸಲಾಗುವುದು', ಅಂದರೆ ಅಂಚೆಯವನಿಗೆ ದುಡ್ಡು ಕೊಟ್ಟೇ ಬಿಡಿಸಿಕೊಳ್ಳಬೇಕು. ಇಷ್ಟರಲ್ಲೇ ಒಂದು ಅಧ್ಯಾಯ ಇದೆ.

ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ಒಂದು ಮಾತು ನೆನಪಿಡಿ. 1956ರ ನವೆಂಬರ್ 1ಕ್ಕೆ ಮುಂಚೆ ಕನ್ನಡದ ಜನ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಅಂತ ಹಂಚಿಹೋಗಿದ್ದರು. ಅವರ ಕಾಗದಪತ್ರಗಳೂ ಹಾಗೇ ಹಂಚಿಹೋಗಿವೆ. ಮೈಸೂರು ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ. ಆದರೆ ಧಾರವಾಡದ ಲೇಖಕಿಯ ಜಾಡು ಮುಂಬಯಿಯಲ್ಲಿ ಸಿಗಬಹುದು, ಮಂಗಳೂರಿನವರದ್ದು ಚೆನ್ನೈನಲ್ಲಿ. ಬ್ರಿಟಿಷ್ ಆಡಳಿತದ ಪ್ರಾಂತಗಳಲ್ಲಿ 1867ರ ಕಾಯ್ದೆಯ ಪ್ರಕಾರ ಅಚ್ಚಾದ ಪುಸ್ತಕ ನೋಂದಣಿ ಆಗಬೇಕಿತ್ತು. ಮೂರು ತಿಂಗಳಿಗೊಮ್ಮೆ ಸರ್ಕಾರ ಅದರ ಪಟ್ಟಿ ಅಚ್ಚು ಹಾಕುತ್ತಿತ್ತು. ಪುಸ್ತಕದ ಹೆಸರು, ಬರೆದವರು, ಅಚ್ಚು ಹಾಕಿದವರು, ಪುಟ, ಬೆಲೆ ಇಷ್ಟೇ ಅಲ್ಲ, ಎಷ್ಟು ಪ್ರತಿ ಅಚ್ಚಾಯಿತು ಅನ್ನುವುದೂ ಅದರಲ್ಲಿರುತ್ತದೆ. ಐನೂರು ಪ್ರತಿ ಅಂತ ಬರೆದಿದ್ದರೆ ಅದು ಒಣ ಅಂಕಿ ಅಲ್ಲ. ಅಷ್ಟು ಕಟ್ಟು ಯಾವ ಕೋಣೆಯಲ್ಲಿ ಇಟ್ಟರು, ಮಳೆಗಾಲದಲ್ಲಿ ಏನಾಯಿತು ಅಂತ ನೀವು ಯೋಚಿಸಬಹುದು.

ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರದ್ದು, ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತು 1915ರದ್ದು. ಎರಡೂ ಕಡೆ ಹೋಗಿ. ಮೈಸೂರಿನಲ್ಲಿ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಇದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆದ ಹಳೆಯ ಕನ್ನಡ ಪುಸ್ತಕ ಬೇಕಾದಷ್ಟಿವೆ. ಆದರೆ ಅಲ್ಲಿ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೊಡೆದಿರುತ್ತಾರೆ. ತಿರುಮಲಾಂಬ ಅಂತ ಒಂದೇ ಕಾಗುಣಿತದಲ್ಲಿ ಹುಡುಕಿ 'ಇಲ್ಲ' ಅಂತ ಎದ್ದುಬಿಡಬೇಡಿ. ತಕಾರಕ್ಕೆ ಎಚ್ ಸೇರಿಸಿ, ಕೊನೆಗೆ ಒಂದು ಎ ಜಾಸ್ತಿ ಹಾಕಿ, ಎಲ್ಲ ನೋಡಿ.

ಹೆಸರಿನ ಮಾತು ಬಂತು. ಈ ವಿಷಯದಲ್ಲಿ ಅರ್ಧ ಹುಡುಕಾಟ ಹೆಸರಿನದ್ದೇ. ಗೌರಮ್ಮ ತಮ್ಮ ಕಥೆಗಳಿಗೆ ಹಾಕುತ್ತಿದ್ದ ಹೆಸರು 'ಶ್ರೀಮತಿ ಬಿ.ಟಿ.ಜಿ. ಕೃಷ್ಣ'. ಅದರಲ್ಲಿ ಗೌರಮ್ಮ ಎಲ್ಲೂ ಇಲ್ಲ, ಇರುವುದು ಗಂಡನ ಹೆಸರು. ಸೂಚಿಯಲ್ಲಿ 'ಗೌ' ಹತ್ತಿರ ಹುಡುಕಿದರೆ ಬರಿಗೈ. ಉಡುಪಿಯ ಸರಸ್ವತಿಬಾಯಿ ರಾಜವಾಡೆ 'ಗಿರಿಬಾಲೆ' ಅಂತ ಬರೆದರು. ಹದಿನೇಳನೇ ಶತಮಾನಕ್ಕೆ ಹೋದರೆ ಸಂಚಿ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿಯುವ ಊಳಿಗ ಅವರದ್ದು. 'ಹದಿಬದೆಯ ಧರ್ಮ' ಅನ್ನುವ ಸಾಂಗತ್ಯ ಕಾವ್ಯ ಬರೆದ ಮೇಲೂ ಸಂಚಿ ಹೆಸರಿನ ಮುಂದೆ ಹಾಗೇ ಉಳಿಯಿತು. ಗಂಡನ ಇನಿಶಿಯಲ್ಲು, ಕಾವ್ಯನಾಮ, ಮಾಡುತ್ತಿದ್ದ ಚಾಕರಿ. ನಿಮ್ಮ ನಾಯಕಿ ತನ್ನ ಹೆಸರನ್ನು ಹೇಗೆ ಅಚ್ಚು ಹಾಕಿಸುತ್ತಾಳೆ ಅಂತ ಮೊದಲು ತೀರ್ಮಾನ ಮಾಡಿ. ಆ ತೀರ್ಮಾನ ಮನೆಯಲ್ಲಿ ಯಾರ ಜೊತೆ ಮಾತಾಡಿ ಆಯಿತು ಅನ್ನುವುದು ನಿಮಗೆ ಗೊತ್ತಾದರೆ ಅವಳ ಮನೆ ಪೂರ್ತಿ ಗೊತ್ತಾದ ಹಾಗೆ.

ಇನ್ನು ತಾರೀಖು. ನಾನು ನನ್ನ ಮೊದಲ ಕಾದಂಬರಿಯಲ್ಲಿ ಬಿದ್ದದ್ದು ಇಲ್ಲೇ. ಒಂದು ಕಾಗದದ ತಲೆಯಲ್ಲಿ 'ರಾಕ್ಷಸ ಸಂ|| ಪುಷ್ಯ ಬ|| ತದಿಗೆ' ಅಂತಿತ್ತು. ರಾಕ್ಷಸ ಸಂವತ್ಸರ ಅಂದರೆ 1915 ಅಂತ ಪಂಚಾಂಗದ ಪಟ್ಟಿ ನೋಡಿ ಬರೆದುಕೊಂಡೆ. ಸಂವತ್ಸರ ಯುಗಾದಿಗೆ ಶುರುವಾಗುತ್ತದೆ, ಪುಷ್ಯ ಬಹುಳ ಬರುವ ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ ಅನ್ನುವುದು ಮರೆತೇಹೋಯಿತು. ಆ ಕಾಗದ 1916ರ ಜನವರಿಯದ್ದು. ನನ್ನ ಕಾದಂಬರಿಯಲ್ಲಿ ಅವಳು ಇನ್ನೂ ನಡೆಯದ ಮದುವೆಗೆ ಹೋಗಿಬಂದ ಸುದ್ದಿ ಬರೆಯುತ್ತಾಳೆ! ಓದುಗರೊಬ್ಬರು ಕಾರ್ಡು ಹಾಕಿ ತಿಳಿಸಿದರು, ಬಹಳ ಮರ್ಯಾದೆಯಿಂದ. ಇನ್ನೊಂದು ಹಳ್ಳ ಇದೆ: ಅರವತ್ತು ವರ್ಷಕ್ಕೆ ಅದೇ ಹೆಸರು ಮತ್ತೆ ಬರುತ್ತದೆ. 1975ರಲ್ಲೂ ರಾಕ್ಷಸವೇ. ಅಜ್ಜಿಯ ಪೆಟ್ಟಿಗೆಯಲ್ಲಿ ಮೊಮ್ಮಗಳ ಕಾಗದವೂ ಸೇರಿಕೊಂಡಿರುತ್ತದೆ. ಶಾಯಿ, ಅಂಚೆಚೀಟಿ, ಕಾಗದ ಎಲ್ಲ ನೋಡಿಯೇ ವರ್ಷ ಹಾಕಿ.

ಮನೆಯವರನ್ನು ಮಾತಾಡಿಸುವಾಗ ಒಂದು ಎಚ್ಚರಿಕೆ. "ನಿಮ್ಮ ಅಜ್ಜಿ ದೊಡ್ಡ ಲೇಖಕಿ, ಅವರ ಬಗ್ಗೆ ಹೇಳಿ" ಅಂದರೆ ಅವರು ನಿಮಗೆ ಭಾಷಣ ಮಾಡುತ್ತಾರೆ. "ಯಾವ ಕೋಣೆಯಲ್ಲಿ ಕೂತು ಬರೀತಿದ್ರು? ಬರೀವಾಗ ಯಾರಾದ್ರೂ ಕರೆದ್ರೆ ಎದ್ದು ಹೋಗ್ತಿದ್ರಾ? ಮಸಿ ಕುಡಿಕೆ ಎಲ್ಲಿಡ್ತಿದ್ರು?" ಅಂತ ಕೇಳಿ. ಒಂದು ಮನೆಯಲ್ಲಿ ವಯಸ್ಸಾದ ಸೊಸೆಯೊಬ್ಬರು ನನಗೆ ಹೇಳಿದ್ದು: "ಅತ್ತೆ ಬರೀತಿದ್ದದ್ದು ನಾನು ನೋಡೇ ಇಲ್ಲ. ಆದರೆ ಬೆಳಿಗ್ಗೆ ಬುಡ್ಡಿ ಒರೆಸುವಾಗ ಎಣ್ಣೆ ಕಮ್ಮಿ ಇರ್ತಿತ್ತು." ಮೂರು ತಿಂಗಳ ಗ್ರಂಥಾಲಯದ ಓದು ಕೊಡದಿದ್ದನ್ನು ಆ ಒಂದು ಮಾತು ಕೊಟ್ಟಿತು.

ನಿಜವಾದ ಹೆಸರು ಇಡಬಹುದಾ ಅಂತ ಕೇಳಿದ್ದೀರಿ. ಇಡಬಹುದು. ಆದರೆ ನಿಮ್ಮ ವಿಷಯಕ್ಕೆ ನಾನು ಬೇಡ ಅನ್ನುತ್ತೇನೆ. ನಿಮ್ಮ ಪಟ್ಟಿಯಲ್ಲಿ ಏಳು ಲೇಖಕಿಯರಿದ್ದಾರೆ. ಏಳೂ ಜನರನ್ನು ನಿಜ ಹೆಸರಲ್ಲಿ ತಂದರೆ ಅದು ಕಾದಂಬರಿ ಆಗುವುದಿಲ್ಲ, ಮೆರವಣಿಗೆ ಆಗುತ್ತದೆ. ಒಬ್ಬೊಬ್ಬರು ಬಂದು ಕೈಮುಗಿದು ಹೋಗುತ್ತಾರೆ. ಅದರ ಬದಲು ಒಬ್ಬಳನ್ನು ನೀವೇ ಕಟ್ಟಿ. ಅವಳ ಕಣ್ಣಿನ ಮುಂದೆ ನಿಜವಾದವರು ದೂರದಲ್ಲಿ ಹಾದುಹೋಗಲಿ. ಅವಳು 'ಕರ್ನಾಟಕ ನಂದಿನಿ' ತರಿಸಲಿ, 'ಸರಸ್ವತಿ'ಗೆ ಒಂದು ಲೇಖನ ಕಳಿಸಿ ಉತ್ತರಕ್ಕೆ ಕಾಯಲಿ. ನಿಜವಾದವರ ಬಾಯಲ್ಲಿ ನೀವು ಮಾತು ಇಡಬೇಕಾಗಿಲ್ಲ, ಅವರು ಮಾಡಿದ್ದು ಎದ್ದು ಕಂಡರೆ ಸಾಕು. ನಿಮ್ಮವಳಿಗೆ ಮಾತ್ರ ಬೇಕಾದ ಸ್ವಾತಂತ್ರ್ಯ. ಒಬ್ಬರ ಬಗ್ಗೆ ಕಾಗದ, ಕಡತ, ಮನೆಯವರ ನೆನಪು ಮೂರೂ ಕೈತುಂಬ ಸಿಕ್ಕಿದ್ದರೆ ಮಾತು ಬೇರೆ, ಆಗ ಅವರ ಹೆಸರಲ್ಲೇ ಬರೆಯಿರಿ.

ದಾಖಲೆ ಇಲ್ಲದ ಕಡೆ ಏನು ಮಾಡಲಿ ಅನ್ನುವುದಕ್ಕೆ ನನ್ನ ಕಟ್ಟಳೆ ಸರಳ. ಗೊತ್ತಿರುವುದನ್ನು ಬದಲಾಯಿಸುವುದಿಲ್ಲ. ಪುಸ್ತಕ ಬಂದ ವರ್ಷ, ತೀರಿಕೊಂಡ ವರ್ಷ, ಯಾವ ಊರಲ್ಲಿದ್ದರು ಅನ್ನುವುದನ್ನು ಕಥೆಗೆ ಅನುಕೂಲ ಅಂತ ಆಚೀಚೆ ಮಾಡುವುದಿಲ್ಲ. ಯಾರಿಗೂ ಗೊತ್ತಿಲ್ಲದ್ದನ್ನು ಧಾರಾಳವಾಗಿ ಕಟ್ಟುತ್ತೇನೆ: ಸಿಟ್ಟು, ಅಡುಗೆಮನೆಯ ಮಾತು, ರಾತ್ರಿ ನಿದ್ದೆ ಬಾರದ್ದು. ಕಷ್ಟ ಇರುವುದು ಇವೆರಡರ ನಡುವೆ. ಮನೆಯವರು ಒಂದು ಹೇಳುತ್ತಾರೆ, ಊರವರು ಇನ್ನೊಂದು. ಅಲ್ಲಿ ರೋಚಕ ಅನ್ನುವ ಒಂದೇ ಕಾರಣಕ್ಕೆ ಒಂದನ್ನು ಆರಿಸಬೇಡಿ. ಎರಡು ಮಾತನ್ನೂ ಇಬ್ಬರು ಪಾತ್ರಗಳ ಬಾಯಲ್ಲಿ ಇಟ್ಟುಬಿಡಿ. ಓದುಗರು ದಡ್ಡರಲ್ಲ.

ಇನ್ನೊಂದು ಬಲೆ ಇದೆ, ಗೊತ್ತಿರುವುದರ ಬಲೆ. ಗೌರಮ್ಮ 1939ರ ಏಪ್ರಿಲ್‌ನಲ್ಲಿ ಈಜಲು ಹೋಗಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಇಂಥದ್ದು ಗೊತ್ತಾದ ತಕ್ಷಣ ಬರೆಯುವವರ ಕೈ ಮೊದಲ ಅಧ್ಯಾಯದಿಂದಲೇ ನೀರು ತರುತ್ತದೆ. ಬಾಲ್ಯದಲ್ಲಿ ಕೆರೆ, ಕನಸಲ್ಲಿ ಹೊಳೆ, ಮದುವೆ ದಿನ ಮಳೆ. ನಾನು ತಿದ್ದಿದ ಒಂದು ಹಸ್ತಪ್ರತಿಯಲ್ಲಿ ಇದೇ ಥರ ಮುಳುಗಿ ಸಾಯುವ ನಾಯಕಿ ಇದ್ದಳು. ಒಂಬತ್ತು ಕಡೆ ನೀರಿನ ಮುನ್ಸೂಚನೆ! ಎಂಟನ್ನು ಹೊಡೆದುಹಾಕಿಸಿದೆ. ಅವಳಿಗೆ ಮುಂದಿನದು ಗೊತ್ತಿಲ್ಲ. ಅವಳ ಮಟ್ಟಿಗೆ ಅದು ಬೇಸಿಗೆಯ ಇನ್ನೊಂದು ದಿನ. ಓದುತ್ತಿದ್ದ ಪುಸ್ತಕ ಅರ್ಧಕ್ಕೆ ಮಡಿಚಿಟ್ಟು ಹೋಗಿರಬೇಕು.

ಹಾಗೇ 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಗೌರಮ್ಮ ಉಪವಾಸ ಕೂತು ಅವರನ್ನು ಮನೆಗೆ ಕರೆಸಿಕೊಂಡು, ಮೈಮೇಲಿನ ಒಡವೆ ಹರಿಜನ ನಿಧಿಗೆ ಕೊಟ್ಟ ಪ್ರಸಂಗ. ಚೆನ್ನಾಗಿದೆ, ನಿಜವೂ ಹೌದು. ಅದಕ್ಕೇ ಅದು ಅಪಾಯ. ಎಲ್ಲರಿಗೂ ಗೊತ್ತಿರುವ ದೃಶ್ಯ ಬರೆದರೆ ನಿಮ್ಮ ಕೆಲಸ ಏನು ಉಳಿಯಿತು? ನಾನಾದರೆ ಮಾರನೇ ದಿನ ಬರೆಯುತ್ತೇನೆ. ಬರಿಗೈ, ಬರಿಕೊರಳಲ್ಲಿ ಅವರು ನೀರು ಸೇದಲು ಹೋದಾಗ ಅಕ್ಕಪಕ್ಕದವರು ಏನಂದರು ಅಂತ.

ಕಾಲದ ತಪ್ಪುಗಳ ಬಗ್ಗೆ ನೀವು ಜಾಗ್ರತೆಯಾಗೇ ಇದ್ದೀರಿ ಅಂತ ಕಾಣುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ತಾಲೂಕಿನ ಮನೆಯೊಳಕ್ಕೆ ಬರುವ ಹೊತ್ತಿಗೆ ದಶಕಗಳೇ ಕಳೆದವು. ರೂಪಾಯಿಗೆ ನೂರು ಪೈಸೆ ಆದದ್ದು 1957ರ ಏಪ್ರಿಲ್‌ನಿಂದ, ಅದಕ್ಕೆ ಮುಂಚೆ ಹದಿನಾರಾಣೆ. ಮೈಸೂರಿನಲ್ಲಿ ರೇಡಿಯೊ ದನಿ ಕೇಳಿದ್ದು 1935ರಲ್ಲಿ. ಬಾಲ್ಯವಿವಾಹದ ಬಗ್ಗೆ ಬರೆಯುವಾಗ ಎರಡು ಕಾನೂನು ಬೇರೆ ಬೇರೆ ಇಟ್ಟುಕೊಳ್ಳಿ. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹುಡುಗಿಯರ ಮದುವೆ ನಿಷೇಧಿಸಿತ್ತು. ಶಾರದಾ ಕಾಯ್ದೆ 1929ರದ್ದು, ಅದರಲ್ಲಿ ಹುಡುಗಿಗೆ ಹದಿನಾಲ್ಕು. ಹತ್ತು ವರ್ಷದ ಹುಡುಗಿಯ ಮದುವೆ 1900ರ ಮೈಸೂರಿನಲ್ಲಿ ಕಾನೂನಿನ ಪ್ರಕಾರ ತಪ್ಪಲ್ಲ. ಪಾತ್ರಗಳು ಅದನ್ನು ಕದ್ದುಮುಚ್ಚಿ ಮಾಡುವುದಿಲ್ಲ, ವಾಲಗ ಊದಿಸಿ ಮಾಡುತ್ತಾರೆ.

ಇವೆಲ್ಲ ಹುಡುಕಿದರೆ ಸಿಗುವ ತಪ್ಪುಗಳು. ಮನಸ್ಸಿನ ಕಾಲದೋಷ ಹಿಡಿಯುವುದು ಕಷ್ಟ. ನಿಮ್ಮ ಟಿಪ್ಪಣಿಯಲ್ಲಿ ನಾಯಕಿ "ನನ್ನ ದೇಹ, ನನ್ನ ಆಯ್ಕೆ" ಅನ್ನುವ ಅರ್ಥದ ಮಾತು ಎರಡು ಸಲ ಆಡುತ್ತಾಳೆ. 1914ರಲ್ಲಿ ಅವಳಿಗೆ ಹಾಗೆ ಅನ್ನಿಸಿರಲಿಕ್ಕಿಲ್ಲ ಅಂತ ನಾನು ಹೇಳುತ್ತಿಲ್ಲ. ಅನ್ನಿಸಿದ್ದನ್ನು ಹೇಳಲು ಅವಳ ಹತ್ತಿರ ಇದ್ದ ಮಾತು ಬೇರೆ. ತಿರುಮಲಾಂಬ ತಮ್ಮ ಗ್ರಂಥಮಾಲೆಗೆ ಇಟ್ಟ ಹೆಸರಿನಲ್ಲೇ 'ಸತಿ' ಇದೆ. ಹೊನ್ನಮ್ಮ ಪತಿವ್ರತಾ ಧರ್ಮ ಹೇಳುವ ಕಾವ್ಯದೊಳಗೇ ಹೆಣ್ಣನ್ನು ಹೀಗಳೆಯುವವರನ್ನು ಕಣ್ಣು ಕಾಣದವರು ಅಂತ ಬೈಯುತ್ತಾರೆ. ಎರಡೂ ಒಂದೇ ಕೈಯಿಂದ ಬಂದದ್ದು. ನೀವು ಮೊದಲನೆಯದನ್ನು ಕತ್ತರಿಸಿ ಎರಡನೆಯದನ್ನು ಮಾತ್ರ ಇಟ್ಟುಕೊಂಡರೆ ನಿಮಗೆ ಸಿಗುವುದು ನಿಮ್ಮದೇ ಕನ್ನಡಿ. ಅವಳು ಮಡಿ ಮಾಡಲಿ, ಏಕಾದಶಿ ಮಾಡಲಿ, ತಂಗಿಗೆ ಬೇಗ ಮದುವೆ ಆಗಲಿ ಅಂತ ಹರಕೆ ಹೊರಲಿ, ಆಮೇಲೆ ರಾತ್ರಿ ಕೂತು ವಿಧವೆಯ ಓದಿನ ಬಗ್ಗೆ ಖಾರವಾಗಿ ಬರೆಯಲಿ. ಓದುಗರಿಗೆ ಕಸಿವಿಸಿ ಆದರೆ ಆಗಲಿ ಬಿಡಿ.

ಭಾಷೆಗೂ ಇದೇ ಮಾತು. ಈಗಿನ ಬೆಂಗಳೂರು ಕನ್ನಡವೂ ಬೇಡ, ಪೌರಾಣಿಕ ನಾಟಕದ "ಎಲೌ ನಾಥ"ವೂ ಬೇಡ. ಆ ಕಾಲದ ಕಥೆಗಳ ಸಂಭಾಷಣೆ ಓದಿ, ಕಾಗದಗಳ ಒಕ್ಕಣೆ ಓದಿ. 'ಉಭಯಕುಶಲೋಪರಿ ಸಾಂಪ್ರತ' ಅಂತ ಶುರುವಾದ ಕಾಗದ ನಾಲ್ಕನೇ ಸಾಲಿಗೆ ಮನೆಮಾತಿಗೆ ಇಳಿದಿರುತ್ತದೆ. ಆ ಇಳಿಯುವ ಜಾಗದಲ್ಲೇ ನಿಮಗೆ ಬೇಕಾದ ಕನ್ನಡ ಇದೆ. ಗಂಡನ ಹೆಸರು ಹೇಳದ ಹೆಂಗಸು ಅವನ ಬಗ್ಗೆ ಎಷ್ಟು ಥರ ಮಾತಾಡಬಹುದು, 'ಅವರು', 'ಯಜಮಾನರು', 'ನಿಮ್ಮಪ್ಪ' ಅಂತ ಒಂದು ಪಟ್ಟಿ ಮಾಡಿ. ಯಾವಾಗ ಯಾವುದು ಬರುತ್ತದೆ ಅನ್ನುವುದರಲ್ಲೇ ಸಿಟ್ಟು, ಪ್ರೀತಿ ಎಲ್ಲ ತೋರಿಸಬಹುದು.

ಕನ್ನಡದಲ್ಲಿ ಬರೆಯುವವರಿಗೆ ಇರುವ ಇನ್ನೊಂದು ತಲೆನೋವು: ನಾಯಕಿಯನ್ನು 'ಅವಳು' ಅನ್ನುವುದಾ, 'ಅವರು' ಅನ್ನುವುದಾ? ನಿಮ್ಮ ಪ್ಯಾರಾದಲ್ಲಿ ಎರಡೂ ಇದೆ. ಗೌರವ ಬಂದಾಗ 'ಅವರು', ಕನಿಕರ ಬಂದಾಗ 'ಅವಳು'. ಕನಿಕರಕ್ಕೆ ಏಕವಚನ ಬಳಸಿದ್ದೀರಿ ಅಂತ ನಿಮಗೇ ಗೊತ್ತಿರಲಿಕ್ಕಿಲ್ಲ! ಕಾದಂಬರಿಯ ಒಳಗೆ ಕೊನೆಯವರೆಗೂ 'ಅವಳು' ಇಡಿ, ಆದರೆ ಅವಳ ಗಂಡನಿಗೆ, ಅಣ್ಣನಿಗೆ, ಅಚ್ಚುಕೂಟದ ಯಜಮಾನನಿಗೂ ಏಕವಚನವೇ ಇರಲಿ. ಅವಳಿಗೆ ಮಾತ್ರ ಏಕವಚನ, ಉಳಿದ ಗಂಡಸರಿಗೆಲ್ಲ ಬಹುವಚನ ಅಂತಾದರೆ ನೀವು ಯಾರ ಪರ ಬರೆಯುತ್ತಿದ್ದೀರಿ? ನಿಜ ವ್ಯಕ್ತಿಗಳು ಹಾದುಹೋಗುವಾಗ, ಲೇಖಕಿಯ ಮಾತಿನಲ್ಲಿ, 'ಅವರು'.

ಈಗ ನಿಮ್ಮ ಪ್ಯಾರಾ. ಎರಡು ವಾಕ್ಯ ತೆಗೆದು ನಾನು ಹೀಗೆ ಇಟ್ಟು ನೋಡಿದೆ:

"ಅಂಚೆಯವನು ಜಗಲಿಯ ಕೆಳಗೇ ನಿಂತ. 'ವಿ.ಪಿ. ಬಂದಿದೆ, ಒಂದು ರೂಪಾಯಿ ಎರಡಾಣೆ' ಅಂದ. ಒಳಗಿನಿಂದ ಯಾರೂ ಬರಲಿಲ್ಲ. ಅವಳು ಸಾಸಿವೆ ಡಬ್ಬಿಗೆ ಕೈಹಾಕಿ ಹನ್ನೊಂದಾಣೆ ತೆಗೆದಳು. ಉಳಿದದ್ದಕ್ಕೆ ಅಣ್ಣನನ್ನು ಕೇಳಬೇಕಿತ್ತು. ಕೇಳಿದರೆ ಪುಸ್ತಕದ ಹೆಸರು ಹೇಳಬೇಕಿತ್ತು."

ಇದೇನು ಮಹಾ ಬರವಣಿಗೆ ಅಲ್ಲ. ಆದರೆ ಇದರಲ್ಲಿ ದುಡ್ಡು ಯಾರ ಕೈಯಲ್ಲಿದೆ, ಓದು ಎಷ್ಟು ಗುಟ್ಟು ಅನ್ನುವುದು ಬಂತು. 'ಮಹಾಪರಾಧ' ಅನ್ನುವ ಮಾತು ಬೇಕಾಗಲಿಲ್ಲ. ಮುಂದಿನ ವಾಕ್ಯ ತಾನೇ ಕೇಳುತ್ತದೆ: ಅವಳು ಅಣ್ಣನನ್ನು ಕೇಳಿದಳಾ, ಇಲ್ಲಾ ಪುಸ್ತಕ ವಾಪಸ್ ಹೋಯಿತಾ?

ಹನ್ನೊಂದು ನೋಟ್‌ಬುಕ್ ಏನು ಮಾಡುವುದು? ಕಟ್ಟಿ ಅಟ್ಟದ ಮೇಲಿಡಿ. ಸುಮ್ನೆ ಹೇಳುತ್ತಿಲ್ಲ. ಮೊದಲ ಕರಡು ನೆನಪಿನಿಂದ ಬರೆಯಿರಿ. ಗೊತ್ತಿಲ್ಲದ ಕಡೆ ಒಂದು ಚೌಕ ಹಾಕಿ ಮುಂದೆ ಹೋಗಿ: "ಅವಳು [ಯಾವ ಗಾಡಿ?] ಹತ್ತಿ ಮೈಸೂರಿಗೆ ಹೋದಳು." ಮೂರು ವರ್ಷ ಓದಿದ್ದರಲ್ಲಿ ನೆನಪು ಉಳಿಸಿಕೊಂಡದ್ದೇ ನಿಮ್ಮ ಕಾದಂಬರಿಗೆ ಬೇಕಾದದ್ದು. ಕರಡು ಮುಗಿದ ಮೇಲೆ ನೋಟ್‌ಬುಕ್ ಇಳಿಸಿ ಚೌಕ ತುಂಬಿ. ನನ್ನ ಲೆಕ್ಕದಲ್ಲಿ ಅರ್ಧದಷ್ಟು ಚೌಕಕ್ಕೆ ಉತ್ತರವೇ ಬೇಕಾಗುವುದಿಲ್ಲ, ವಾಕ್ಯವನ್ನೇ ತೆಗೆದರೆ ಆಯಿತು.

ತಿದ್ದುವಾಗ ನಾನು ಮೊದಲು ಮೂಗಿಗೆ ಕೆಲಸ ಕೊಡುತ್ತೇನೆ. ಎಲ್ಲಿ ನೋಟ್‌ಬುಕ್ಕಿನ ವಾಸನೆ ಬರುತ್ತದೆ? "ಆಗ ತಾನೇ ಸ್ಥಾಪನೆಯಾಗಿದ್ದ ಕನ್ನಡ ಸಾಹಿತ್ಯ ಪರಿಷತ್ತಿನ ಬಗ್ಗೆ ನಿಮಗೆ ಗೊತ್ತೇ?" ಅಂತ ಒಂದು ಪಾತ್ರ ಇನ್ನೊಂದು ಪಾತ್ರವನ್ನು ಕೇಳಿದರೆ, ಅದು ಓದುಗರಿಗೆ ಮಾಡುತ್ತಿರುವ ಪಾಠ. ನೀವು ಮೇಷ್ಟ್ರಾದ್ದರಿಂದ ಇದು ಜಾಸ್ತಿ ಬರುತ್ತದೆ, ಬೇ‌ಜಾರು ಮಾಡ್ಕೋಬೇಡಿ. ಇಂಥದ್ದಕ್ಕೆಲ್ಲ ಕೆಂಪು ಗೆರೆ. ನನ್ನ ಹಸ್ತಪ್ರತಿ ಐನೂರು ಪುಟ ಇತ್ತು, ಅಚ್ಚಿಗೆ ಹೋದದ್ದು ಮುನ್ನೂರು ಚಿಲ್ಲರೆ. ಕಿತ್ತದ್ದರಲ್ಲಿ ಪ್ಲೇಗಿನ ಮೇಲೆ ಇಪ್ಪತ್ತೆರಡು ಪುಟ ಇತ್ತು. ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂದದ್ದು, ಊರು ಬಿಟ್ಟು ಗುಡಿಸಲು ಹಾಕಿಕೊಂಡದ್ದು, ಆಮೇಲೆ ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು. ಎಲ್ಲ ನಿಜ, ಎಲ್ಲ ಕಷ್ಟಪಟ್ಟು ಹುಡುಕಿದ್ದು. ನಾಯಕಿ ಆಗ ಎರಡು ವರ್ಷದ ಕೂಸು, ಅವಳಿಗೆ ಏನೂ ನೆನಪಿಲ್ಲ. ಉಳಿಸಿಕೊಂಡದ್ದು ಒಂದೇ ಸಾಲು: ಇಲಿ ಸತ್ತದ್ದು ಕಂಡರೆ ಅವಳಮ್ಮ ಇವತ್ತಿಗೂ ಮನೆ ಬಿಟ್ಟು ಅಂಗಳಕ್ಕೆ ಬರುತ್ತಾಳೆ.

ಆಮೇಲೆ ಒಂದು ದೊಡ್ಡ ಹಾಳೆಯಲ್ಲಿ ಕಾಲದ ಪಟ್ಟಿ. ಒಂದು ಕಡೆ ನಾಯಕಿಯ ವಯಸ್ಸು, ಇನ್ನೊಂದು ಕಡೆ ಊರಿನ ಸುದ್ದಿ, ಮಾಸ, ಹಬ್ಬ. ಮಾಗಿಯಲ್ಲಿ ಮಾವಿನ ಹಣ್ಣು ತಿನ್ನಿಸಿರುತ್ತೀರಿ, ಆಗ ಸಿಕ್ಕಿಬೀಳುತ್ತದೆ. ನಂತರ ಇಡೀ ಕಾದಂಬರಿಯನ್ನು ಜೋರಾಗಿ ಓದಿ, ದಿನಕ್ಕೆ ಒಂದು ಅಧ್ಯಾಯದಂತೆ. ನಾಲಿಗೆ ತಡವರಿಸಿದ ಕಡೆ ಗುರುತು ಹಾಕಿ. ಸಂಭಾಷಣೆಯ ಅರ್ಧ ತಪ್ಪು ಕಿವಿಗೇ ಗೊತ್ತಾಗುತ್ತದೆ.

ಬೇರೆಯವರಿಗೆ ಓದಲು ಕೊಡುವಾಗ ಸಾಹಿತ್ಯದ ಗೆಳತಿಯರಿಗಷ್ಟೇ ಕೊಡಬೇಡಿ. ಆ ಸೀಮೆಯ ಎಂಬತ್ತು ದಾಟಿದ ಹೆಂಗಸೊಬ್ಬರಿಗೆ ಓದಿ ಹೇಳಿ. ಅವರು ಕಥಾವಸ್ತುವಿನ ಬಗ್ಗೆ ಏನೂ ಹೇಳುವುದಿಲ್ಲ. "ಮಡಿ ಉಟ್ಟವರು ಅಂಚೆಯವನ ಕೈಯಿಂದ ನೇರವಾಗಿ ಏನನ್ನೂ ತಗೋತಿರಲಿಲ್ಲ ಕಣಮ್ಮ, ಜಗಲಿ ಮೇಲೆ ಇಡಿಸ್ತಿದ್ರು" ಅನ್ನುತ್ತಾರೆ. ಹೌದು, ಮೇಲೆ ನಾನು ಬರೆದ ಪ್ಯಾರಾದಲ್ಲೂ ಆ ಕೈಬದಲಾವಣೆ ಹೇಗೆ ಅನ್ನುವುದನ್ನು ಇನ್ನೂ ಬರೆದಿಲ್ಲ. ನೀವು ಬರೆಯುವಾಗ ನೋಡಿಕೊಳ್ಳಿ.

ಪ್ರಕಾಶಕರಿಂದ ಬರುವ ಒತ್ತಡಕ್ಕೂ ತಯಾರಾಗಿ. ನನಗೆ ಒಬ್ಬರು "ಒಂದು ಪ್ರೇಮ ಪ್ರಸಂಗ ಹಾಕಿ, ಸಂಪಾದಕರ ಜೊತೆ" ಅಂದಿದ್ದರು. ಒಂದು ಹೆಂಗಸು ಬರೆದಳು ಅಂದರೆ ಹಿಂದೆ ಗಂಡಸೊಬ್ಬ ಇರಲೇಬೇಕು ಅನ್ನುವ ನಂಬಿಕೆ ಇನ್ನೂ ಹೋಗಿಲ್ಲ. ನಾನು ಹಾಕಲಿಲ್ಲ, ಪುಸ್ತಕ ಒಂದೂವರೆ ವರ್ಷ ತಡವಾಯಿತು.

ಕೊನೆಗೆ ಕಾನೂನು, ನೀವು ಕೇಳದಿದ್ದರೂ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ ಹಕ್ಕು ಇರುತ್ತದೆ. ತಿರುಮಲಾಂಬ ತೀರಿಕೊಂಡದ್ದು 1982ರಲ್ಲಿ, ಹಾಗಾಗಿ ಅವರ ಬರಹಕ್ಕೆ 2042ರ ಕೊನೆಯವರೆಗೂ ಹಕ್ಕಿದೆ. ಒಂದೆರಡು ಸಾಲಿನ ಉಲ್ಲೇಖ ಬೇರೆ. ಒಂದು ಇಡೀ ಪದ್ಯವನ್ನೋ ಅರ್ಧ ಅಧ್ಯಾಯವನ್ನೋ ಕಾದಂಬರಿಯಲ್ಲಿ ಇಡುವುದಾದರೆ ವಾರಸುದಾರರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಕಾಗದಗಳ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ. ಕಾಗದ ಯಾರ ಪೆಟ್ಟಿಗೆಯಲ್ಲಿದೆಯೋ ಅವರದ್ದು ಹಾಳೆ ಮಾತ್ರ, ಅದರಲ್ಲಿರುವ ಬರಹದ ಹಕ್ಕು ಬರೆದವರದ್ದು, ಅವರ ನಂತರ ಅವರ ಕಡೆಯವರದ್ದು. ತೀರಿಕೊಂಡವರ ಬಗ್ಗೆ ಏನು ಬೇಕಾದರೂ ಬರೆಯಬಹುದು ಅನ್ನುವುದೂ ಸರಿಯಲ್ಲ. ಮನೆಯವರ ಮನಸ್ಸು ನೋಯಿಸುವ ಉದ್ದೇಶದಿಂದ ಬರೆದದ್ದು ಅಂತಾದರೆ ಅದು ಮಾನನಷ್ಟ ಆಗಬಹುದು ಅಂತ ಹಿಂದಿನ ಐಪಿಸಿ 499ರ ವಿವರಣೆಯಲ್ಲೇ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 356ರಲ್ಲಿ ಇದೆ. ಪುಸ್ತಕದ ಕೊನೆಗೆ ಎರಡು ಪುಟದ ಲೇಖಕಿಯ ಮಾತು ಇಡಿ: ಯಾವುದು ಸಿಕ್ಕಿದ್ದು, ಯಾವುದು ನೀವು ಕಟ್ಟಿದ್ದು ಅಂತ. ಮೊದಲಿಗೆ ಹಾಕಬೇಡಿ. ಓದುಗರು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕಥೆ ಓದುತ್ತಾರೆ.

ವಿ.ಪಿ. ಬಂದ ದಿನದ ದೃಶ್ಯ ಪೂರ್ತಿ ಬರೆದು ಕಳಿಸಿ. ಮೂರು ಪುಟ ಸಾಕು. ಅಣ್ಣ ಮನೆಯಲ್ಲಿರಲಿ.